ಕಂಪನಿ ವಾಹನಗಳಲ್ಲಿ ಜಿಪಿಎಸ್ ನಿಗಾ ಮತ್ತು ನೌಕರರ ಖಾಸಗಿತನ

ಮಾಲೀಕರು ನೌಕರರಿಗೆ ಒದಗಿಸಿದ ವಾಹನದ ಚಲನವಲನವನ್ನು ಉಪಗ್ರಹ ಸಂಕೇತಗಳ ನೆರವಿನಿಂದ ದಾಖಲಿಸುವ ಪದ್ಧತಿ. ಡ್ಯಾಶ್‌ಬೋರ್ಡಿನ ಹಿಂದೆ ಕೂರುವ ಅಂಗೈಗಿಂತ ಚಿಕ್ಕ ಸಾಧನವು ಸ್ಥಳ, ವೇಗ, ಎಂಜಿನ್ ಚಾಲೂ ಆದ ಹೊತ್ತು, ನಿಂತಲ್ಲೇ ಉರಿದ ಸಮಯ ಇವನ್ನೆಲ್ಲ ಮೊಬೈಲ್ ಜಾಲದ ಮೂಲಕ ಕಚೇರಿಗೆ ಕಳಿಸುತ್ತದೆ. ಇಂಧನದ ಲೆಕ್ಕ, ಕಳವಿನ ತಡೆ, ಪ್ರಯಾಣಿಕರ ಸುರಕ್ಷತೆ ಇದರ ನ್ಯಾಯವಾದ ಉಪಯೋಗಗಳು. ಆದರೆ ವಾಹನ ರಾತ್ರಿ ಮನೆಗೂ ಹೋಗುತ್ತದೆ, ಭಾನುವಾರ ಆಸ್ಪತ್ರೆಯ ಮುಂದೆಯೂ ನಿಲ್ಲುತ್ತದೆ. ತಕರಾರು ಹುಟ್ಟುವುದೇ ಅಲ್ಲಿ.

ಪೋರ್ಚುಗಲ್‌ನ ಔಷಧ ಕಂಪನಿಯೊಂದು 2011ರಲ್ಲಿ ತನ್ನ ಪ್ರತಿನಿಧಿಗಳ ಕಾರುಗಳಿಗೆ ಜಿಪಿಎಸ್ ಅಳವಡಿಸಿತು. ಆ ಮಾಹಿತಿಯ ಆಧಾರದಲ್ಲಿ ಕೆಲಸ ಕಳೆದುಕೊಂಡ ಪ್ರತಿನಿಧಿಯೊಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2022ರ ಡಿಸೆಂಬರ್ 13ರಂದು ತೀರ್ಪು 4–3ರಲ್ಲಿ ಅವರ ವಿರುದ್ಧ ಬಂತು: ಪೋರ್ಚುಗಲ್‌ನ ಮೇಲ್ಮನವಿ ನ್ಯಾಯಾಲಯ ಕ್ರಮಿಸಿದ ದೂರವನ್ನಷ್ಟೇ ಸಾಕ್ಷ್ಯವಾಗಿ ಒಪ್ಪಿತ್ತು, ಅಷ್ಟರಮಟ್ಟಿನ ಹಸ್ತಕ್ಷೇಪ ಮಿತಿಯೊಳಗಿದೆ ಎಂಬುದು ಬಹುಮತದ ನಿಲುವು. ಮೂವರು ನ್ಯಾಯಾಧೀಶರು ಒಪ್ಪಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು; ಆ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಮಾತ್ರ ಉದ್ಯೋಗದ ಉದ್ದೇಶಗಳಿಗೆ, ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರರ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಈ ವಿನಾಯಿತಿ ತೀರಾ ಅಗಲವಾದದ್ದು. ಕೆಲಸದ ಹೊತ್ತು ಮುಗಿದ ಮೇಲೆ ನಿಗಾ ನಿಲ್ಲಿಸುವ ಗುಂಡಿ ಚಾಲಕನ ಕೈಯಲ್ಲೇ ಇರಬೇಕು.