ಕೆಲಸದಿಂದ ತೆಗೆಯುವುದರ ಬೆಲೆ: ಹೊಸೂರಿನ ಲೆಕ್ಕ, ಗಲ್ಫಿನ ಲೆಕ್ಕ

ಹೊಸೂರಿನಲ್ಲಿ ನಮ್ಮ ಉಪ್ಪನ ಅಂಗಡಿಯಲ್ಲಿ ಎರಡು ಉದ್ರಿ ಪುಸ್ತಕಗಳಿದ್ದವು. ಒಂದು ಸಿಪ್ಕಾಟ್‌ನ ಪರ್ಮನೆಂಟ್ ಕಾರ್ಮಿಕರದ್ದು, ಇನ್ನೊಂದು ಕಾಂಟ್ರಾಕ್ಟ್ ಹುಡುಗರದ್ದು. ಮೊದಲನೆಯವರಿಗೆ ತಿಂಗಳ ಲೆಕ್ಕ, ಎರಡನೆಯವರಿಗೆ ವಾರದ ಲೆಕ್ಕ. "ಇವನು ನಾಳೆ ಇರುತ್ತಾನೋ ಇಲ್ಲವೋ ಯಾರಿಗೆ ಗೊತ್ತು ಮೋನೆ" ಎನ್ನುತ್ತಿದ್ದರು. ಉಪ್ಪ ಕಾನೂನು ಓದಿದವರಲ್ಲ. ಆದರೆ ಆ ಎರಡು ಪುಸ್ತಕಗಳ ಹಿಂದೆ ಕಾನೂನಿನ ಒಂದು ಚರಿತ್ರೆಯೇ ಇದೆ.

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮೊದಲು ಕೆಲಸ ಹೋದವನಿಗೆ ಪರಿಹಾರದ ಮಾತೇ ಇರಲಿಲ್ಲ. 1953ರಲ್ಲಿ ಬಟ್ಟೆ ಗಿರಣಿಗಳಲ್ಲಿ ಮಾಲು ರಾಶಿ ಬಿದ್ದು ಪಾಳಿಗಳು ನಿಲ್ಲುವ ಹೊತ್ತಿಗೆ ಸರಕಾರ ತಿದ್ದುಪಡಿ ತಂದಿತು. ಅದೇ ವರ್ಷದ ಅಕ್ಟೋಬರ್ 24ರಿಂದ ಜಾರಿ. ಅಂದಿನಿಂದ ಲೇ ಆಫ್ ಎಂದರೆ ನಮ್ಮ ಕಾನೂನಿನಲ್ಲಿ ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು. ಅದಕ್ಕೆ ಅರ್ಧ ಸಂಬಳ. ಶಾಶ್ವತವಾಗಿ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಈಗ ಪೇಪರ್‌ನಲ್ಲಿ ಬರುವ ಐಟಿಯವರ "ಲೇ ಆಫ್" ಅಮೆರಿಕದ ಅರ್ಥದ್ದು, ನಮ್ಮ ಕಾಯ್ದೆಯ ಅರ್ಥದ್ದಲ್ಲ.

1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಇನ್ನೊಂದು ಅಧ್ಯಾಯ ಸೇರಿತು. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಯಾರನ್ನಾದರೂ ತೆಗೆಯಬೇಕಾದರೆ ಮೊದಲೇ ಸರಕಾರದ ಅನುಮತಿ ಬೇಕು. 1984ರಲ್ಲಿ ಆ ಮಿತಿ 100ಕ್ಕೆ ಇಳಿಯಿತು. ಹೊಸೂರು ಬೆಳೆದದ್ದು ಇದೇ ಕಾಲದಲ್ಲಿ. 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೊಪೆಡ್, ಆಮೇಲೆ ಟೈಟಾನ್. (ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ, ಅಲ್ಲಿವರೆಗೆ ನಾವು ಧರ್ಮಪುರಿಯವರು.) ಮದುರೆಯ ಮೀನಾಕ್ಷಿ ಮಿಲ್ಸ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಈ ಅನುಮತಿಯ ನಿಯಮವನ್ನು ಎತ್ತಿಹಿಡಿಯಿತು. ಅನುಮತಿ ಕೇಳುವ ಬದಲು ಸ್ವಯಂ ನಿವೃತ್ತಿಗೆ ಹೆಚ್ಚು ಹಣ ಕೊಟ್ಟು ಕಳಿಸುವ ದಾರಿಯೂ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದಾಗ ಕೇಂದ್ರ ಸರಕಾರವೇ ಹಾಗೆ ಮಾಡಿತು.

ಗಲ್ಫ್ ಇಲ್ಲದೆ ನಮ್ಮ ಮನೆಗಳ ಲೆಕ್ಕ ಮುಗಿಯುವುದಿಲ್ಲವಲ್ಲ. ಹತ್ತು ವರ್ಷ ದುಡಿದವನನ್ನು ತೆಗೆದರು ಎಂದುಕೊಳ್ಳಿ. ಇಲ್ಲಿ ರಿಟ್ರೆಂಚ್‌ಮೆಂಟ್‌ಗೆ 150 ದಿನ, ಗ್ರಾಚ್ಯುಟಿಯಾಗಿ ಇನ್ನೊಂದು 150 ದಿನ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ತಲಾ 21 ದಿನ, ಆಮೇಲೆ ತಲಾ 30 ದಿನ: ಒಟ್ಟು 255 ದಿನ. ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ಅರ್ಧ ತಿಂಗಳು, ನಂತರ ಪೂರ್ತಿ ತಿಂಗಳು: ಏಳೂವರೆ ತಿಂಗಳ ಸಂಬಳ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಪರಿಹಾರವೇ ಇಲ್ಲ. 1988ರ ಕಾಯ್ದೆಯಂತೆ ದೊಡ್ಡ ಕಂಪನಿ ಒಟ್ಟಿಗೆ ತುಂಬಾ ಜನರನ್ನು ತೆಗೆಯುವಾಗ 60 ದಿನ ಮೊದಲು ತಿಳಿಸಬೇಕು, ಅಷ್ಟೆ. ಜರ್ಮನಿಯ ಕಾನೂನಿನಲ್ಲಿ ಕಾಣುವ ಅಳತೆ ವರ್ಷಕ್ಕೆ ಅರ್ಧ ತಿಂಗಳು, ಹೆಚ್ಚುಕಮ್ಮಿ ನಮ್ಮ 15 ದಿನವೇ.

ಕಾಗದದ ಮೇಲೆ ನಾವು ಯಾರಿಗೂ ಕಡಿಮೆಯಿಲ್ಲ. ವ್ಯತ್ಯಾಸ ಬೇರೆ ಕಡೆ ಇದೆ. ಯುಎಇಯ ಹಣ ತೆಗೆದದ್ದಕ್ಕೆ ಹಾಕುವ ದಂಡವಲ್ಲ, ದುಡಿದದ್ದಕ್ಕೆ ಸಿಗುವುದು. ಈಗಿನ ಕಾನೂನಿನಂತೆ ಒಂದು ವರ್ಷ ದಾಟಿದವನು ತಾನೇ ಬಿಟ್ಟರೂ ಸಿಗುತ್ತದೆ. ಆದರೆ ಲೆಕ್ಕ ಬೇಸಿಕ್ ಮೇಲೆ ಮಾತ್ರ. ಬೇಸಿಕ್ ಕಡಿಮೆ, ಅಲೋವೆನ್ಸ್ ಜಾಸ್ತಿ ಇರುವ ಕಾಂಟ್ರಾಕ್ಟ್‌ಗೆ ಸಹಿ ಹಾಕಿದವರಿಗೆ ಕೊನೆಯ ದಿನ ಅದು ಅರ್ಥವಾಗುತ್ತದೆ. ಕೆಲಸದ ಜೊತೆ ವೀಸಾವೂ ಹೋಗುವ ಬೆಲೆಯನ್ನು ಯಾವ ಪಟ್ಟಿಯಲ್ಲೂ ಬರೆದಿಲ್ಲ.

ನಮ್ಮಲ್ಲಿ ಬೆಲೆ ಇರುವುದು 240 ದಿನದ ಆಚೆ. ವರ್ಷದಲ್ಲಿ 240 ದಿನ ದುಡಿದರೆ ಮಾತ್ರ ಪರಿಹಾರದ ಹಕ್ಕು. ಕಾಂಟ್ರಾಕ್ಟ್ ಕಾರ್ಮಿಕನಿಗೂ ಆ ಹಕ್ಕು ಇದೆ, ಆದರೆ ಅವನ ಧಣಿ ಕಂಪನಿಯಲ್ಲ, ಕಾಂಟ್ರಾಕ್ಟರ್. ಕಾಂಟ್ರಾಕ್ಟರ್ ಬದಲಾದರೆ ಎಣಿಕೆ ಮತ್ತೆ ಒಂದರಿಂದ. ಅಪ್ರೆಂಟಿಸ್‌ಗಂತೂ ಅದೂ ಇಲ್ಲ. 1961ರ ಕಾಯ್ದೆಯಲ್ಲಿ ಅವನು ಕಲಿಯುವವನು, ಕಾರ್ಮಿಕನಲ್ಲ. ಡಿಪ್ಲೊಮಾದವರನ್ನು ಅದರೊಳಗೆ ತಂದದ್ದು 1973ರ ತಿದ್ದುಪಡಿ. ನಾನೂ ಒಂದು ಕಾರ್ಖಾನೆಯಲ್ಲಿ ಒಂದು ವರ್ಷ ಹಾಗೆ ಇದ್ದೆ. ಪಾಳಿಯ ಕೆಲಸ ಪಕ್ಕದವನಷ್ಟೇ ಮಾಡಿದೆ. ವರ್ಷ ಮುಗಿದ ದಿನ ಪಾಸ್ ವಾಪಸ್ ಕೊಟ್ಟು ಗೇಟಿನಿಂದ ಹೊರಗೆ ಬಂದೆ. ತೆಗೆದರು ಎಂದು ಹೇಳಲೂ ಬರುವುದಿಲ್ಲ.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಯಲ್ಲಿದೆ. ಅನುಮತಿಯ ಮಿತಿ ಮತ್ತೆ 300. ತೆಗೆದವನಿಗೆ ಹೊಸ ಕೆಲಸ ಕಲಿಯಲೆಂದು ಧಣಿ ಇನ್ನೂ 15 ದಿನದ ಸಂಬಳವನ್ನು ನಿಧಿಗೆ ಕಟ್ಟಬೇಕು.

ಉಪ್ಪನ ತಿಂಗಳ ಪುಸ್ತಕದಲ್ಲಿ ಈಗ ಉಳಿದಿರುವುದು ಕೆಲವೇ ಹೆಸರು, ಹೆಚ್ಚಿನವರು ರಿಟೈರ್ಡ್. ಕಾಂಟ್ರಾಕ್ಟ್ ಹುಡುಗರಿಗೆ ಪುಸ್ತಕವೇ ಇಲ್ಲ. ಫೋನಿನಲ್ಲಿ ಅಲ್ಲೇ ಹಣ ಹಾಕಿ ಹೋಗುತ್ತಾರೆ.