ಕಿವಿ ಮುಚ್ಚಿಕೊಂಡ ಮಕ್ಕಳು ಹೇಳಿದ್ದು

ಆಟಿಸಂ ಎಂಬ ಹೆಸರು ಇಂದು ನಮಗೆಲ್ಲ ಪರಿಚಿತ. ಆದರೆ ಸದ್ದು, ಬೆಳಕು, ಸ್ಪರ್ಶ ಆ ಮಕ್ಕಳಿಗೆ ಹೇಗೆ ತಾಗುತ್ತವೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಲು ಜಗತ್ತಿಗೆ ಎಷ್ಟು ಕಾಲ ಹಿಡಿಯಿತು ಎಂಬ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

1943ರಲ್ಲಿ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಕುರಿತು ಪ್ರಬಂಧವೊಂದನ್ನು ಬರೆದರು. ವ್ಯಾಕ್ಯೂಮ್ ಕ್ಲೀನರ್, ಲಿಫ್ಟು, ಹರಿಯುವ ನೀರು, ಕೊನೆಗೆ ಬೀಸುವ ಗಾಳಿ ಕೂಡ ಇಂಥ ಮಕ್ಕಳನ್ನು ನಡುಗಿಸುವುದನ್ನು ಅವರು ಅಂದೇ ಗುರುತಿಸಿದ್ದರು. ಆದರೆ ಅದೇ ಮಗು ತಾನೇ ಅಷ್ಟು ಗದ್ದಲ ಮಾಡಬಲ್ಲದಲ್ಲ! ಹಾಗಾಗಿ ತೊಂದರೆ ಸದ್ದಿನದಲ್ಲ, ಮಗುವಿನ ಏಕಾಂತಕ್ಕೆ ಹೊರಗಿನದು ನುಗ್ಗುವುದೇ ಅದರ ಸಂಕಟ ಎಂದು ತರ್ಕಿಸಿದರು.

ಮುಂದೆ, ತಾಯ್ತಂದೆಯರ ಮಮತೆಯ ಕೊರತೆಯೇ ಇದಕ್ಕೆಲ್ಲ ಕಾರಣವೆಂಬ ವಾದ ಬಲವಾಯಿತು. 1967ರಲ್ಲಿ ಶಿಕಾಗೋದ ಬ್ರೂನೋ ಬೆಟಲ್‌ಹೈಮ್ ಪುಸ್ತಕ ಬರೆದು ಅದನ್ನು ಮನೆಮನೆಗೆ ಮುಟ್ಟಿಸಿದರು. ಆ ವಾದ ಸುಳ್ಳೆಂದು ತಿಳಿಯುವಷ್ಟರಲ್ಲಿ ಎಷ್ಟೋ ತಾಯಂದಿರು ಮಾಡದ ತಪ್ಪಿಗೆ ಕಣ್ಣೀರಿಟ್ಟಾಗಿತ್ತು.

1986ರಲ್ಲಿ ಟೆಂಪಲ್ ಗ್ರಾಂಡಿನ್ ಆತ್ಮಕಥೆ ಪ್ರಕಟಿಸಿದರು. ಮೂರೂವರೆ ವರ್ಷದವರೆಗೆ ಮಾತು ಬಾರದಿದ್ದ ಹುಡುಗಿ ಆಕೆ. ಶಾಲೆಯ ಗಂಟೆ ತನಗೆ ಹಲ್ಲು ಕೊರೆಯುವ ಯಂತ್ರ ನರಕ್ಕೆ ತಾಗಿದಂತಿತ್ತು, ಭಾನುವಾರದ ಒಳಲಂಗ ಮರಳುಕಾಗದದಂತೆ ಉಜ್ಜುತ್ತಿತ್ತು ಎಂದು ಆಕೆ ಮುಂದೆ ವಿವರಿಸಿದರು. ಕ್ಯಾನರರ ಒಗಟಿಗೂ ಅವರಲ್ಲಿ ಉತ್ತರವಿತ್ತು: ತಾನೇ ಮಾಡುವ ಸದ್ದು ತನ್ನ ಹಿಡಿತದಲ್ಲಿರುತ್ತದೆ, ಆದ್ದರಿಂದ ಮಗು ಅದನ್ನು ತಾಳಬಲ್ಲದು, ಹೇಳದೆ ಕೇಳದೆ ಬರುವ ಸದ್ದೇ ಭಯಂಕರ.

ಬೆಂಗಳೂರಿನಲ್ಲಿ ಬಾಲ್ಯ ಕಳೆದ ಟಿಟೋ ಮುಖೋಪಾಧ್ಯಾಯ ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಬರೆದದ್ದು 2000ದಲ್ಲಿ ಬ್ರಿಟನ್ನಿನಲ್ಲಿ ಪುಸ್ತಕವಾಯಿತು. ಚದುರಿದಂತೆ ಅನಿಸುವ ತನ್ನ ಮೈಯನ್ನು ಒಟ್ಟುಗೂಡಿಸಿಕೊಳ್ಳಲೆಂದೇ ಗಿರಗಿರನೆ ಸುತ್ತುತ್ತಿದ್ದುದಾಗಿ ಆತ ಬರೆದ. ನೋಡುವವರಿಗೆ ಅದು ಅರ್ಥವಿಲ್ಲದ ಚೇಷ್ಟೆ, ಅವನಿಗೋ ಆಸರೆ.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಇಂದ್ರಿಯಗಳ ಈ ಅತಿಸೂಕ್ಷ್ಮತೆಯನ್ನು, ಅಂತೆಯೇ ಅದರ ವಿರುದ್ಧವಾದ ಮಂದತೆಯನ್ನು, ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರಲ್ಲಿ. 1994ರ ಆವೃತ್ತಿಯ ಪಟ್ಟಿಯಲ್ಲಿ ಇದಿರಲಿಲ್ಲ. ಕ್ಯಾನರ್ ಕಣ್ಣಾರೆ ಕಂಡದ್ದು ಲಕ್ಷಣವೆನಿಸಲು ಎಪ್ಪತ್ತು ವರ್ಷ ಬೇಕಾಯಿತು.

ನಾವು ಊರು ಬಿಟ್ಟು ಬಂದವರು. ನಮ್ಮ ಮಾತು ತಿಳಿಯದವರ ನಡುವೆ ಇರುವುದೆಂದರೇನೆಂದು ಬಲ್ಲವರು. ನಮ್ಮ ರಾಜ್ಯೋತ್ಸವದ ಸಭಾಂಗಣದಲ್ಲಿ ಮಗುವೊಂದು ಕಿವಿ ಮುಚ್ಚಿಕೊಂಡರೆ ಅದನ್ನು ಹಠವೆನ್ನುವ ಮುಂಚೆ ಮೈಕಿನ ದನಿ ತಗ್ಗಿಸೋಣ, ಪಕ್ಕದಲ್ಲೊಂದು ಸದ್ದಿಲ್ಲದ ಕೋಣೆ ತೆರೆದಿಡೋಣ.