ಕಡಲಾಚೆಯ ಮನೆ: ಗುಂಡರ್ಟ್ ದಂಪತಿಗಳ ಬಾಳು

ಹೊರನಾಡ ಕನ್ನಡಿಗರು ಎಲ್ಲಿ ಒಂದುಗೂಡಿದರೂ ಎರಡು ಪ್ರಶ್ನೆಗಳು ಕೇಳಿಬರದೆ ಇರುವುದಿಲ್ಲ. ನಮ್ಮ ಮಕ್ಕಳಿಗೆ ನಮ್ಮ ಭಾಷೆ ಉಳಿದೀತೇ ಎಂಬುದು ಮೊದಲನೆಯದು. ತಲೆ ನರೆತ ಮೇಲೆ ಯಾವ ನೆಲವನ್ನು ನಮ್ಮದೆಂದು ಕರೆಯೋಣ ಎಂಬುದು ಎರಡನೆಯದು. ಈ ಕಳವಳ ನಮ್ಮ ಪೀಳಿಗೆಯೊಂದರದೇ ಎಂದು ಭಾವಿಸಬೇಕಾಗಿಲ್ಲ. ಎರಡು ಶತಮಾನಗಳಿಗೆ ತುಸು ಕಡಮೆ ಕಾಲದ ಹಿಂದೆ, ನಾವು ಹೊರಟ ದಿಕ್ಕಿಗೆ ಎದುರು ದಿಕ್ಕಿನಿಂದ ಹೊರಟು, ನಮ್ಮ ಪಶ್ಚಿಮ ಕರಾವಳಿಯಲ್ಲಿ ತಮ್ಮ ಬಾಳಿನ ಅತ್ಯುತ್ತಮ ವರ್ಷಗಳನ್ನು ಕಳೆದ ದಂಪತಿಗಳೂ ಇದೇ ಪ್ರಶ್ನೆಗಳನ್ನು ಎದುರಿಸಿದರು. ಅವರೇ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ ಮತ್ತು ಅವರ ಪತ್ನಿ ಜೂಲಿ.

ಗುಂಡರ್ಟರ ಹೆಸರು ಮಲಯಾಳಿಗಳಿಗೆ ಎಷ್ಟು ಪರಿಚಿತವೋ ಕಿಟ್ಟೆಲ್ ಮತ್ತು ಮೋಗ್ಲಿಂಗರ ಹೆಸರು ನಮಗೆ ಅಷ್ಟೇ ಪರಿಚಿತ. ಆದರೆ ಈ ಮೂವರೂ ಒಂದೇ ಸಂಸ್ಥೆಯವರು. ಮಂಗಳೂರು ಆ ಸಂಸ್ಥೆಯ ಭಾರತದ ಮೊದಲ ನೆಲೆ. ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಅಲ್ಲಿಗೆ ಬಂದದ್ದು 1834ರಲ್ಲಿ. ಗುಂಡರ್ಟ್ ದಂಪತಿಗಳ ಕಥೆಯೂ ಮಂಗಳೂರನ್ನು ಹಾದೇ ಸಾಗುತ್ತದೆ.

ಹರ್ಮನ್ ಗುಂಡರ್ಟ್ 1814ರಲ್ಲಿ ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಕಲಿತರು. ಜೂಲಿ ದ್ಯುಬುವಾ ಅವರಿಗಿಂತ ಸುಮಾರು ಐದು ವರ್ಷ ಹಿರಿಯರು. ಅವರು 1809ರಲ್ಲಿ ಸ್ವಿಟ್ಜರ್ಲೆಂಡಿನ ಕೋರ್ಸೆಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು, ಮಾತೃಭಾಷೆ ಫ್ರೆಂಚ್. ಇಬ್ಬರೂ 1836ರಲ್ಲಿ ಆಂತೊನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಧರ್ಮಪ್ರಚಾರಕರ ತಂಡದೊಡನೆ ಹಡಗು ಹತ್ತಿದರು. ಸೂಯೆಜ್ ಕಾಲುವೆ ಇನ್ನೂ ಇಲ್ಲದ ಕಾಲ. ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡನ್ನು ಬಿಟ್ಟ ಹಡಗು ಮದರಾಸನ್ನು ಮುಟ್ಟಿದ್ದು ಜುಲೈ ತಿಂಗಳಲ್ಲಿ. ಎರಡು ವರ್ಷಗಳ ತರುವಾಯ, 1838ರ ಜುಲೈ 23ರಂದು, ಚಿತ್ತೂರಿನಲ್ಲಿ ಅವರ ವಿವಾಹವಾಯಿತು. ವರನ ಮಾತು ಜರ್ಮನ್, ವಧುವಿನ ಮಾತು ಫ್ರೆಂಚ್, ತಂಡದ ವ್ಯವಹಾರ ಇಂಗ್ಲಿಷ್, ಸುತ್ತಲಿನ ಜನರ ನುಡಿ ತಮಿಳು ಮತ್ತು ತೆಲುಗು. ಪರನಾಡಿನಲ್ಲಿ ಸಂಸಾರ ಹೂಡಿದವರಿಗೆ ಇಂತಹ ಮನೆಯ ಸ್ವರೂಪವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ನವದಂಪತಿಗಳು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನಿನ ಬಳಗವನ್ನು ಸೇರಿದರು. ಅಲ್ಲಿಗೆ 1836ರಲ್ಲಿಯೇ ಬಂದಿದ್ದ ಹರ್ಮನ್ ಮೋಗ್ಲಿಂಗ್ ಗುಂಡರ್ಟರ ಗೆಳೆಯರು. 1839ರ ಏಪ್ರಿಲಿನಲ್ಲಿ ದಂಪತಿಗಳು ತಲಶೇರಿಗೆ ತೆರಳಿದರು. ಅಲ್ಲಿನ ನ್ಯಾಯಾಧೀಶ ಸ್ಟ್ರೇಂಜ್ ಎಂಬವರು ಇಲ್ಲಿಕ್ಕುನ್ನಿನ ತಮ್ಮ ಬಂಗಲೆಯನ್ನು ಮಿಷನ್ನಿಗೆ ದಾನವಾಗಿ ಕೊಟ್ಟಿದ್ದರು. ಆ ಬಂಗಲೆಯೇ ಅವರ ಮೊದಲ ಸ್ವಂತ ಮನೆಯಾಯಿತು. ಗೆಳೆಯರಿಬ್ಬರ ಕೆಲಸ ಒಂದೇ ಕರಾವಳಿಯ ಎರಡು ಭಾಷೆಗಳಲ್ಲಿ ಜೋಡಿಯಾಗಿ ಸಾಗಿತು. ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಗುಂಡರ್ಟರು 1847ರಲ್ಲಿ ಮಲಯಾಳದ ಮೊದಲ ಪತ್ರಿಕೆಯಾದ ‘ರಾಜ್ಯಸಮಾಚಾರ’ವನ್ನು ಹೊರತಂದರು.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಈ ಪತ್ರಿಕೆ, ಕೋಶ, ವ್ಯಾಕರಣಗಳ ಮಾತನ್ನೇ ಆಡುತ್ತವೆ. ಜೂಲಿಯವರ ಕೆಲಸಕ್ಕೆ ಮುಖಪುಟವಿಲ್ಲ. ಅವರು ತಲಶೇರಿಯಲ್ಲಿ ಹುಡುಗಿಯರಿಗಾಗಿ ಶಾಲೆಯೊಂದನ್ನು ತೆರೆದು, ಬಡ ಹಾಗೂ ಅನಾಥ ಬಾಲಿಕೆಯರನ್ನು ಜೊತೆಯಲ್ಲಿಟ್ಟುಕೊಂಡು ಓದು, ಬರಹ, ಹೊಲಿಗೆಗಳನ್ನು ಕಲಿಸಿದರು. 1849ರಲ್ಲಿ ಸಂಸಾರ ಚಿರಕ್ಕಲ್ಲಿಗೆ ಹೋದಾಗಲೂ ಈ ಕೆಲಸ ನಿಲ್ಲಲಿಲ್ಲ. ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎಂದು ಬಹುತೇಕ ಮನೆಗಳು ಕೇಳುತ್ತಿದ್ದ ಕಾಲವದು. ಸ್ಥಳೀಯ ಹೆಂಗಸರ ಅಂಗಳದವರೆಗೆ ಪರದೇಶದ ಗಂಡಸರು ಹೋಗಲಾರದೆ ಇದ್ದಾಗ, ಅಲ್ಲಿಗೆ ಹೋಗಬಲ್ಲವರು ಜೂಲಿಯಂತಹ ಪಾದ್ರಿಪತ್ನಿಯರೇ ಆಗಿದ್ದರು.

ಇವರ ಕೆಲಸವನ್ನು ಹೊಗಳುವಾಗ ಒಂದು ಸತ್ಯವನ್ನು ಮುಚ್ಚಿಡುವುದು ಸಲ್ಲದು. ಅವರು ಬಂದದ್ದು ಮತಪ್ರಚಾರಕ್ಕಾಗಿ. ಶಾಲೆ, ಅಚ್ಚುಕೂಟ, ಕೋಶಗಳೆಲ್ಲ ಆ ಉದ್ದೇಶಕ್ಕೆ ಸಾಧನಗಳು. ಮತಾಂತರಗೊಂಡವರು ಅನೇಕ ವೇಳೆ ಮನೆಯನ್ನೂ ಜಾತಿಯನ್ನೂ ಕಳೆದುಕೊಳ್ಳಬೇಕಾಗುತ್ತಿತ್ತು. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರು ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರಿನಲ್ಲಿ ದೊಡ್ಡ ಕ್ಷೋಭೆಯೇ ಎದ್ದಿತು. ನಮ್ಮ ಹಿರಿಯರ ಅಳಲು ಸುಳ್ಳಲ್ಲ. ಆದರೆ ಬಂದವರ ಮನೆಯಲ್ಲಿಯೂ ಒಂದು ಅಳಲು ಇತ್ತು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಆ ಅಳಲು ಮಕ್ಕಳದು. ಮಿಷನರಿಗಳ ಮಕ್ಕಳು ಇಲ್ಲಿಯ ಹವೆಯಲ್ಲಿ ಉಳಿಯುವುದು ಕಷ್ಟ, ಇಲ್ಲಿಯ ಪರಿಸರದಲ್ಲಿ ಬೆಳೆದರೆ ಯುರೋಪಿಯನ್ನರಾಗಿ ಉಳಿಯುವುದೂ ಕಷ್ಟ ಎಂಬುದು ಅಂದಿನ ನಂಬಿಕೆ. ಆದುದರಿಂದ ಎಳವೆಯಲ್ಲಿಯೇ ಅವರನ್ನು ತಾಯ್ನಾಡಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಮುಂದೆ ಅದೇ ಮಿಷನ್ನಿನ ಕಟ್ಟಳೆಯೂ ಆಯಿತು. ಗುಂಡರ್ಟ್ ದಂಪತಿಗಳ ಮಗಳು ಮರೀ 1842ರ ಅಕ್ಟೋಬರಿನಲ್ಲಿ ತಲಶೇರಿಯಲ್ಲಿ ಹುಟ್ಟಿದಳು. 1846ರಲ್ಲಿ ರಜೆಯ ಮೇಲೆ ಯುರೋಪಿನಲ್ಲಿದ್ದ ತಂದೆತಾಯಿಗಳು ಮರುವರ್ಷ ಭಾರತಕ್ಕೆ ಮರಳಿದಾಗ ಆ ಮಗು ಅಲ್ಲಿಯೇ ಉಳಿಯಿತು. ಆಗ ಅವಳಿಗೆ ಐದು ವರ್ಷ ತುಂಬಿರಲಿಲ್ಲ. ಅವಳು ಮತ್ತೆ ಮಲಬಾರಿಗೆ ಬಂದದ್ದು 1857ರಲ್ಲಿ, ಹದಿನೈದರ ತರುಣಿಯಾಗಿ.

ನಡುವೆ ಹತ್ತು ವರ್ಷಗಳು. ಆ ಹತ್ತು ವರ್ಷಗಳಲ್ಲಿ ಜೂಲಿಯವರು ಪರರ ಹೆಣ್ಣುಮಕ್ಕಳ ತಲೆ ಬಾಚಿದರು, ಪರರ ಹೆಣ್ಣುಮಕ್ಕಳಿಗೆ ಅಕ್ಷರ ತಿದ್ದಿಸಿದರು. ತಮ್ಮ ಮಗಳ ಬೆಳವಣಿಗೆಯನ್ನು ಕಾಗದಗಳಲ್ಲಿ ಓದಿದರು. ಆ ಕಾಗದಗಳೂ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದವು. ಇದನ್ನು ತ್ಯಾಗವೆನ್ನಬಹುದು, ಮಗುವಿನ ಕಡೆಯಿಂದ ನೋಡಿದರೆ ಅನ್ಯಾಯವೆಂದೂ ಅನ್ನಬಹುದು. ಎರಡೂ ಮಾತುಗಳು ನಿಜವೆಂದೇ ನನ್ನ ಎಣಿಕೆ. ಅವರ ನಂಬಿಕೆಯ ಬೆಲೆಯನ್ನು ಅವರಷ್ಟೇ ತೆರಲಿಲ್ಲ, ಮಕ್ಕಳೂ ತೆತ್ತರು.

1857ರಲ್ಲಿ ಗುಂಡರ್ಟರು ಮಲಬಾರ್ ಮತ್ತು ಕೆನರಾ ಪ್ರಾಂತಗಳ ಸರಕಾರಿ ಶಾಲೆಗಳ ಇನ್ಸ್‌ಪೆಕ್ಟರಾಗಿ ನಿಯುಕ್ತರಾದರು. ಹೀಗೆ ಕನ್ನಡ ಜಿಲ್ಲೆಯ ಶಾಲೆಗಳೂ ಅವರ ಹೊಣೆಗೆ ಬಂದವು. ಆದರೆ ದೇಹ ಒಪ್ಪಲಿಲ್ಲ. ಅನಾರೋಗ್ಯದ ನಿಮಿತ್ತ 1859ರಲ್ಲಿ ಅವರು ಊರಿಗೆ ಹಿಂದಿರುಗಿದರು. ಜೂಲಿಯವರು ಕೈಯಲ್ಲಿದ್ದ ಕೆಲಸವನ್ನು ಮುಗಿಸಿ 1860ರಲ್ಲಿ ಮಗಳೊಡನೆ ಹೊರಟರು. ಆಗ ಅವರಿಗೆ ವಯಸ್ಸು ಐವತ್ತು; ಭಾರತದಲ್ಲಿ ಕಳೆದದ್ದು ಹೆಚ್ಚುಕಡಮೆ ಇಪ್ಪತ್ತನಾಲ್ಕು ವರ್ಷ. ಅವರು ಹೋಗಿ ನೆಲೆಸಿದ ಕಾಲ್ವ್ ಎಂಬ ಜರ್ಮನ್ ಊರು ಸ್ವಿಟ್ಜರ್ಲೆಂಡಿನ ಆ ಹೆಣ್ಣುಮಗಳಿಗೆ ತವರೂ ಅಲ್ಲ, ಭಾರತವೂ ಅಲ್ಲ. ಒಮ್ಮೆ ನೆಲ ಬಿಟ್ಟವರಿಗೆ ಮರಳುವುದೆಂದರೆ ಎಷ್ಟೋ ಸಲ ಇನ್ನೊಂದು ವಲಸೆಯೇ.

ಕಾಲ್ವ್‌ನಲ್ಲಿ ಗುಂಡರ್ಟರು ಕ್ರೈಸ್ತಗ್ರಂಥ ಪ್ರಕಾಶನ ಸಂಸ್ಥೆಯ ಕೆಲಸಕ್ಕೆ ಸೇರಿ, 1862ರಿಂದ ಅದರ ಮುಖ್ಯಸ್ಥರಾದರು. ಆದರೆ ಮೇಜಿನ ಮೇಲೆ ಮಲಯಾಳದ ಪದಪಟ್ಟಿಗಳು ಹಾಗೆಯೇ ಇದ್ದವು. ಭಾರತದಲ್ಲಿ ಕೂಡಿಹಾಕಿದ ಸಾಮಗ್ರಿಯನ್ನು ಹದಿಮೂರು ವರ್ಷಗಳ ಕಾಲ ತಿದ್ದಿ ತೀಡಿ, 1872ರಲ್ಲಿ ಸಾವಿರಕ್ಕೂ ಮಿಕ್ಕಿದ ಪುಟಗಳ ಮಲಯಾಳ–ಇಂಗ್ಲಿಷ್ ನಿಘಂಟನ್ನು ಮುಗಿಸಿದರು. ಅದು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ! ಕೋಶಕಾರ ಜರ್ಮನಿಯಲ್ಲಿ, ಭಾಷೆ ಮಲಬಾರಿನದು, ಮೊಳೆ ಜೋಡಿಸಿದ ಕೈಗಳು ಕನ್ನಡ ನಾಡಿನವು. ಆ ಕೋಶದಲ್ಲಿ ಮಲಯಾಳ ಪದಗಳ ಪಕ್ಕದಲ್ಲಿ ಕನ್ನಡ, ತುಳು, ತಮಿಳು, ತೆಲುಗುಗಳ ಸಜಾತಿ ಪದಗಳು ಕಾಣಸಿಗುತ್ತವೆ. ಇಪ್ಪತ್ತೆರಡು ವರ್ಷಗಳ ಅನಂತರ, 1894ರಲ್ಲಿ, ಅದೇ ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ಕೋಶ ಪ್ರಕಟವಾಯಿತು.

ಹಳೆಯ ಗೆಳೆತನವನ್ನೂ ಗುಂಡರ್ಟರು ಮರೆಯಲಿಲ್ಲ. 1881ರಲ್ಲಿ ಮೋಗ್ಲಿಂಗರು ತೀರಿಕೊಂಡಾಗ ಅವರ ಜೀವನಚರಿತ್ರೆಯನ್ನು ಬರೆದು ಮರುವರ್ಷವೇ ಪ್ರಕಟಿಸಿದರು. ಕನ್ನಡದ ಮೊದಲ ಪತ್ರಿಕಾ ಸಂಪಾದಕರ ಬಾಳನ್ನು ಮಲಯಾಳದ ಮೊದಲ ಪತ್ರಿಕಾ ಸಂಪಾದಕರು ಜರ್ಮನ್ ಭಾಷೆಯಲ್ಲಿ ದಾಖಲಿಸಿದರು.

ಎಳವೆಯಲ್ಲಿ ದೂರವಾಗಿದ್ದ ಮಗಳು ಮುಪ್ಪಿನಲ್ಲಿ ಹತ್ತಿರವಾದಳು. ಮರೀ ಮೊದಲು ಐಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತಕ್ಕೆ ಹೋದಳು, 1870ರಲ್ಲಿ ವಿಧವೆಯಾದಳು. ಬಳಿಕ, 1869ರಿಂದ 1873ರವರೆಗೆ ಮಂಗಳೂರಿನ ಮಿಷನ್ನಿನಲ್ಲಿದ್ದು ಅನಾರೋಗ್ಯದಿಂದ ಹಿಂದಿರುಗಿದ ಯೋಹಾನೆಸ್ ಹೆಸ್ಸೆ ಎಂಬ ತರುಣ ಗುಂಡರ್ಟರ ಸಹಾಯಕನಾಗಿ ಕಾಲ್ವ್‌ಗೆ ಬಂದನು. 1874ರಲ್ಲಿ ಅವರಿಬ್ಬರ ವಿವಾಹವಾಯಿತು. 1877ರಲ್ಲಿ ಜನಿಸಿದ ಅವರ ಮಗನೇ ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ, 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಹೆಸ್ಸೆ. ತಾತನ ಗ್ರಂಥಭಂಡಾರವನ್ನೂ ಭಾರತದಿಂದ ಬಂದ ವಸ್ತುಗಳನ್ನೂ ಆ ಲೇಖಕನು ತನ್ನ ಬಾಲ್ಯದ ನೆನಪುಗಳಲ್ಲಿ ಅಕ್ಕರೆಯಿಂದ ಚಿತ್ರಿಸಿದ್ದಾನೆ. ಜೂಲಿಯವರು 1885ರಲ್ಲಿ ಕಾಲವಾದರು. ದಾಂಪತ್ಯಕ್ಕೆ ಆಗ ನಲವತ್ತೇಳು ವರ್ಷ. ಗುಂಡರ್ಟರು 1893ರಲ್ಲಿ ತೀರಿಕೊಂಡರು.

ಇವರ ಬಾಳಿನಿಂದ ನಾವು ಕಲಿಯಬೇಕಾದುದೇನು? ಭಾರತದವರನ್ನು ತಮ್ಮ ಧರ್ಮಕ್ಕೆ ತರಬೇಕೆಂದು ಹೊರಟವರ ಮನೆಗೆ ಭಾರತವೇ ಹೊಕ್ಕಿತು. ಬುದ್ಧನ ಕಾಲದ ಭಾರತವನ್ನು ಕುರಿತು ಕಾದಂಬರಿ ಬರೆದವನು ಅವರ ಮೊಮ್ಮಗ. ಹಿರಿಯರು ಮಾತಿನಲ್ಲಿ ಬೋಧಿಸಿದ್ದಕ್ಕಿಂತ ಪ್ರೀತಿಯಿಂದ ಮಾಡುತ್ತಿದ್ದುದು ಎಳೆಯರ ಮನಸ್ಸನ್ನು ಹೆಚ್ಚಾಗಿ ಮುಟ್ಟುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ? ನಮ್ಮ ಮಕ್ಕಳಿಗೆ ಕನ್ನಡ ಉಳಿದೀತೇ ಎಂದು ಕೇಳುವ ಮುನ್ನ, ನಮ್ಮ ಮೇಜಿನ ಮೇಲೆ ಕನ್ನಡ ಉಳಿದಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಇನ್ನು ಯಾವ ನೆಲ ನಮ್ಮದು ಎಂಬ ಪ್ರಶ್ನೆ. ಗುಂಡರ್ಟ್ ದಂಪತಿಗಳು ಇಹಲೋಕದ ಯಾತ್ರೆ ಮುಗಿಸಿದ್ದು ಕಾಲ್ವ್‌ನಲ್ಲಿ. ತಲಶೇರಿಯ ಅವರ ಬಂಗಲೆಯನ್ನು ಅಲ್ಲಿಯ ಜನ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ದುಡಿದ ನೆಲವೂ ಮಣ್ಣಾದ ನೆಲವೂ ಎರಡೂ ಅವರನ್ನು ತಮ್ಮವರೆಂದವು. ಸಮ್ಮೇಳನಕ್ಕೆ ಬಂದಿರುವ ಬಾಂಧವರಿಗೆ, ಅದರಲ್ಲಿಯೂ ಹಿರಿಯ ದಂಪತಿಗಳಿಗೆ, ಅಂತಹ ಎರಡು ನೆಲಗಳ ಒಲವು ದೊರೆಯಲೆಂಬುದೇ ನನ್ನ ಹಾರೈಕೆ.